ಮಿದುಳಿನ ಉರಿಗೆ ಸೂಜಿಯ ಮದ್ದೇ?

ಲಕ್ವ ಹೊಡೆಯಿತು ಎನ್ನುತ್ತೇವಲ್ಲ, ಬಹಳಷ್ಟು ಸಲ ಅದರ ಮೂಲ ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಒಂದು ಸಣ್ಣ ಹೆಪ್ಪು. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ. 2 ಮಾತ್ರ, ಆದರೆ ನಾವು ಉಸಿರಾಡುವ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟು ಅದಕ್ಕೇ ಬೇಕು. ದೊಡ್ಡ ನಾಳವೊಂದು ಕಟ್ಟಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು 2006ರಲ್ಲಿ ಹಾಕಿದ ಲೆಕ್ಕ.

ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಸ್ಪೇನಿನ ಪಿಯೊ ದೆಲ್ ರಿಯೊ ಒರ್ಟೆಗಾ 1919ರಲ್ಲಿ ಇವನ್ನು ಬೇರೆಯಾಗಿ ಗುರುತಿಸಿದರು. ಸತ್ತ ಕೋಶಗಳನ್ನು ತೆರವು ಮಾಡುವುದು ಇವುಗಳ ಕೆಲಸ. ಆದರೆ ಕೆರಳಿದಾಗ ಇಂಟರ್‌ಲ್ಯೂಕಿನ್‌ನಂಥ ರಾಸಾಯನಿಕಗಳನ್ನು ಸುರಿಸುತ್ತವೆ. ರಕ್ತನಾಳದ ಗೋಡೆ ಸಡಿಲವಾಗುತ್ತದೆ, ಬಿಳಿರಕ್ತಕಣಗಳು ನುಗ್ಗುತ್ತವೆ, ಊತ ಬರುತ್ತದೆ. ಬದುಕಬಹುದಾಗಿದ್ದ ಅಕ್ಕಪಕ್ಕದ ಕೋಶಗಳೂ ಸಾಯುತ್ತವೆ. ಕಸ ಗುಡಿಸಲು ಬಂದವರು ಮನೆಗೇ ಬೆಂಕಿ ಇಟ್ಟಂತೆ! ಈ ಉರಿಯೂತ ದಿನಗಟ್ಟಲೆ ನಡೆಯುತ್ತದೆ. ಅದನ್ನು ತಗ್ಗಿಸಲು ಸಮಯವಿದೆ ಎಂಬುದೇ ಸಂಶೋಧಕರ ಆಸೆ.

ಸೂಜಿ ಬರುವುದು ಇಲ್ಲಿ. ಚೀನಾದ ಹಳೆಯ ಅಕ್ಯುಪಂಕ್ಚರ್‌ನ ತೆಳು ಸೂಜಿಗಳಿಗೆ ಸಣ್ಣ ವಿದ್ಯುತ್ ಹರಿಸಿದರೆ ಅದು ಎಲೆಕ್ಟ್ರೋ ಅಕ್ಯುಪಂಕ್ಚರ್. ಇಲಿಗಳ ಮಿದುಳಿನ ನಾಳವನ್ನು ದಾರದಿಂದ ಕಟ್ಟಿ, ನೆತ್ತಿಗೋ ಮೊಣಕಾಲ ಕೆಳಗೋ ಹೀಗೆ ಸೂಜಿ ಚುಚ್ಚಿದಾಗ ಉರಿಯೂತದ ರಾಸಾಯನಿಕಗಳು ಇಳಿದವು, ಹಾನಿಯ ಜಾಗವೂ ಕಿರಿದಾಯಿತು ಎಂದು ಚೀನಾದ ಹಲವು ಪ್ರಯೋಗಾಲಯಗಳು ವರದಿ ಮಾಡಿವೆ.

ಕಾಲಿಗೆ ಚುಚ್ಚಿದ್ದು ಒಳಗಿನ ಉರಿಗೆ ತಾಗುವುದು ಹೇಗೆ? ಹಾರ್ವರ್ಡಿನ ಕ್ಯೂಫು ಮಾ ಅವರ ತಂಡ 2021ರಲ್ಲಿ ಒಂದು ದಾರಿ ತೋರಿಸಿತು. ಇಲಿಮರಿಯಷ್ಟೇ ಚಿಕ್ಕದಾದ ಸುಂಡಿಲಿಯ ಹಿಂಗಾಲಿನ ಆಳದಲ್ಲಿರುವ ಕೆಲವು ನಿರ್ದಿಷ್ಟ ನರಗಳು ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ; ಅಲ್ಲಿಂದ ವೇಗಸ್ ನರದ ಮೂಲಕ ಆಜ್ಞೆ ಅಡ್ರಿನಲ್ ಗ್ರಂಥಿಗೆ ಹೋಗಿ ಉರಿಯೂತ ತಗ್ಗುತ್ತದೆ. ಆ ನರಗಳನ್ನು ಇಲ್ಲವಾಗಿಸಿದಾಗ ಸೂಜಿ ಕೆಲಸ ಮಾಡಲಿಲ್ಲ. ಅದೇ ವಿದ್ಯುತ್ತನ್ನು ಹೊಟ್ಟೆಗೆ ಕೊಟ್ಟಾಗಲೂ ಇಲ್ಲ. ಇದು ಅಂದವಾದ ಪ್ರಯೋಗವೇ ಸರಿ. ಆದರೆ ಅಲ್ಲಿದ್ದದ್ದು ಬ್ಯಾಕ್ಟೀರಿಯಾದ ವಿಷದಿಂದಾದ ಉರಿಯೂತ, ಲಕ್ವದ್ದಲ್ಲ.

ಮನುಷ್ಯರ ವಿಷಯ? 1993ರಲ್ಲಿ ಸ್ವೀಡನ್ನಿನಲ್ಲಿ 78 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಸೂಜಿ ಪಡೆದವರು ಹೆಚ್ಚು ಚೇತರಿಸಿಕೊಂಡರು. ಆದರೆ ಉಳಿದವರಿಗೆ ಅದಕ್ಕೆ ಬದಲಾಗಿ ಏನನ್ನೂ ಕೊಟ್ಟಿರಲಿಲ್ಲ. 2001ರ ಪ್ರಯೋಗದಲ್ಲಿ 150 ಮಂದಿ ಇದ್ದರು. ಒಂದು ಗುಂಪಿಗೆ ಅರಿವಿಗೇ ಬಾರದಷ್ಟು ಕ್ಷೀಣ ವಿದ್ಯುತ್ತನ್ನು ಮಾತ್ರ ಕೊಡಲಾಯಿತು. ಈ ಸಲ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ಆದ್ದರಿಂದ ಮನೆಯಲ್ಲಿ ಅಜ್ಜನ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಸೂಜಿಗಾಗಲಿ ನಾಟಿ ಮದ್ದಿಗಾಗಲಿ ಓಡಬೇಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸ್ಕ್ಯಾನ್ ಏಕೆಂದರೆ, ಕೆಲವರಲ್ಲಿ ಲಕ್ವಕ್ಕೆ ಕಾರಣ ಹೆಪ್ಪಲ್ಲ, ರಕ್ತಸ್ರಾವ. ಅಂಥವರಿಗೆ ಇದೇ ಮದ್ದು ಪ್ರಾಣಕ್ಕೆ ಅಪಾಯ.