ಪಂಪಾಸಾಗರದ ಹಳೆಯ ಗೇಟುಗಳಿಗೆ ಗುಜರಿಯೊಂದೇ ಗತಿಯೆ?

ಎರಡನೆಯ ಬೆಳೆಗೆ ನೀರು ಬಿಡಲಾಗದೆಂದು ತೀರ್ಮಾನವಾದ ವರ್ಷದಲ್ಲಿ, ಕಾಲುವೆಯು ತನ್ನ ಹೂಳನ್ನೂ ಬಿರುಕುಬಿಟ್ಟ ಕಲ್ಲುಹಾಸನ್ನೂ ಲಜ್ಜೆಯಿಲ್ಲದೆ ತೋರಿಸುತ್ತ ಮಲಗಿರುವಾಗಲೇ, ಅದರ ಯಂತ್ರಭಾಗಗಳನ್ನು ನೋಡಬೇಕೆಂಬುದು ನನ್ನ ಮತ. ಸಿಂಧನೂರು ತಾಲ್ಲೂಕಿನ ಗೊರೇಬಾಳದ ಕಡೆ, ಪಂಪಾಸಾಗರವೆನ್ನುವ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆಯ ಕವಲೊಂದರ ತೂಬಿನ ಮೇಲೆ ನಿಂತು, ವಯಸ್ಸಾದ ಗ್ಯಾಂಗ್‌ಮನ್ನರೊಬ್ಬರು ಕಬ್ಬಿಣದ ಚಕ್ರವನ್ನು ಒಂದೇ ಕೈಯಿಂದ ತಿರುಗಿಸಿದರು. ಗ್ರೀಸು ಮೆತ್ತಿದ ಹಲ್ಲುಗಳು ಒಂದನ್ನೊಂದು ಕಚ್ಚಿಕೊಂಡು, ತಿರುಪಿನ ಕಂಬಿಯು ಮೇಲೇರಿ, ಮಣಭಾರದ ಹಲಗೆಯು ಬೆರಳಗಲ ಎದ್ದಿತು. ನೀರಿಲ್ಲದ ತೂಬನ್ನು ತೆರೆದು ತೋರಿಸಿದ ಆ ಸೌಜನ್ಯಕ್ಕಿಂತಲೂ ಬಳಿಕ ಅವರು ಕೇಳಿದ ಪ್ರಶ್ನೆಯೇ ನನ್ನನ್ನು ಹಿಡಿದು ನಿಲ್ಲಿಸಿತು: “ಡ್ಯಾಮಿನ ಹಳೇ ಗೇಟು ಎಲ್ಲಾ ಗುಜರಿಗೇ ಹೋಗ್ತಾವೇನ್ರಿ ಸರ? ಒಂದಾದ್ರೂ ಇಡಬಾರ್ದೇನ್ರಿ?”

ಪೂರ್ವವೃತ್ತಾಂತವನ್ನು ಓದುಗರು ಬಲ್ಲರು. 1945ರಲ್ಲಿ ಹೈದರಾಬಾದು ಸಂಸ್ಥಾನವೂ ಮದರಾಸು ಪ್ರಾಂತವೂ ಕೂಡಿ ಅಡಿಗಲ್ಲಿಟ್ಟ ಜಲಾಶಯ. 1953ರಲ್ಲಿ ಕಾಲುವೆಗಿಳಿದ ನೀರು. ತಲಾ 60 ಅಡಿ ಅಗಲ, 20 ಅಡಿ ಎತ್ತರದ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಕೊಚ್ಚಿಹೋದ 19ನೆಯ ಗೇಟು. ಹರಿಯುವ ನೀರಿನಲ್ಲಿಯೇ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದರ ಮೇಲೊಂದು ಇಳಿಸಿದ ಐದು ಉಕ್ಕಿನ ತುಂಡುಗಳು. ಕಡೆಗೆ ಎಲ್ಲ ಗೇಟುಗಳನ್ನೂ ಬದಲಿಸುವ ನಿರ್ಧಾರ.

ಆದರೆ ಆ ಸರಪಳಿಯ ವಿಚಾರದಲ್ಲಿ ನನಗಿರುವ ವ್ಯಾಮೋಹವನ್ನು ಓದುಗರು ಸ್ವಲ್ಪ ಸಹಿಸಬೇಕು. ಗೇಟನ್ನು ಎತ್ತುವುದು ಕೇವಲ ಮೋಟಾರಿನ ಬಲವಲ್ಲ. ಸರಪಳಿಯ ಒಂದು ತುದಿಗೆ ಗೇಟು, ಚಕ್ರವನ್ನು ದಾಟಿ ಇಳಿದ ಇನ್ನೊಂದು ತುದಿಗೆ ಅದರ ಭಾರವನ್ನು ಬಹುಪಾಲು ಸರಿದೂಗಿಸುವ ಪ್ರತಿಭಾರ. ನಮ್ಮ ಹಿರಿಯರು ಬಾವಿಯ ಮೇಲೆ ಹೂಡುತ್ತಿದ್ದ ಏತದ ಹಿಂತುದಿಗೆ ಕಲ್ಲು ಕಟ್ಟಿ, ತುಂಬಿದ ಕೊಡದ ಭಾರವನ್ನು ಹಗುರಮಾಡುತ್ತಿದ್ದ ಉಪಾಯವೇ ಇಲ್ಲಿ ಉಕ್ಕಿನ ರೂಪವನ್ನು ತಾಳಿದೆ. ಎರಡು ಭಾರಗಳು ಪರಸ್ಪರ ತೂಗಿಕೊಂಡಿರುವಾಗ ಮೋಟಾರಿಗೆ ಉಳಿಯುವುದು ಘರ್ಷಣೆಯನ್ನು ಗೆಲ್ಲುವ ಕೆಲಸವಷ್ಟೆ. ಸರಪಳಿಯ ಒಂದು ಕೊಂಡಿ ಕಡಿಯಿತೋ, ಆ ಸಮತೋಲವೆಲ್ಲ ಕ್ಷಣಾರ್ಧದಲ್ಲಿ ಮಾಯ. ಏತವನ್ನು ನೋಡದ ತಲೆಮಾರಿಗೆ ಈ ತತ್ತ್ವವನ್ನು ಕಣ್ಣಾರೆ ತೋರಿಸಲು ಇದಕ್ಕಿಂತ ದೊಡ್ಡ ಸಾಧನ ನಮ್ಮ ಸೀಮೆಯಲ್ಲಿ ಯಾವುದಿದೆ?

ಆದಕಾರಣ ಉಳಿಸಬೇಕಾದದ್ದು ಗೇಟಿನ ಹಲಗೆಯೊಂದನ್ನೇ ಅಲ್ಲ. ಬಣ್ಣ ಬಳಿದು ಉದ್ಯಾನವನದ ಹುಲ್ಲಿನ ಮೇಲೆ ಒರಗಿಸಿ, ಫಲಕವೊಂದನ್ನು ನೆಟ್ಟು, ಉದ್ಘಾಟನೆಯ ಮಾರನೆಯ ದಿನವೇ ಮರೆತುಬಿಡುವ ನಮ್ಮ ಪ್ರದರ್ಶನಪದ್ಧತಿಯಲ್ಲಿ ನನಗೆ ಲವಲೇಶವೂ ವಿಶ್ವಾಸವಿಲ್ಲ. ಗೇಟು, ಸರಪಳಿ, ಪ್ರತಿಭಾರ, ಹಲ್ಲುಚಕ್ರಗಳು, ಇವಿಷ್ಟೂ ಜೋಡಿಸಿದ ಸ್ಥಿತಿಯಲ್ಲಿ, ಕೈಯಿಂದಲಾದರೂ ಒಂದಿಷ್ಟು ಎತ್ತಿ ಇಳಿಸಬಹುದಾದಂತೆ ಇರಬೇಕು. ಜೊತೆಗೆ ಗೇಟು ತೆರೆದ ದಿನಗಳ ದಾಖಲೆ ಪುಸ್ತಕಗಳೂ ಇರಬೇಕು. ಸೋತ ಸರಪಳಿಯ ತುಂಡು ದೊರೆತಿದ್ದರೆ ಅದಕ್ಕೆ ಅಗ್ರಸ್ಥಾನ ಸಲ್ಲತಕ್ಕದ್ದು, ಏಕೆಂದರೆ ಮುಂದಿನ ಎಂಜಿನಿಯರುಗಳು ಕಲಿಯಬೇಕಾದ ಪಾಠ ಅದರಲ್ಲಿಯೇ ಇದೆ.

ಎಲ್ಲಿ ಇಡಬೇಕೆಂಬುದು ಕಠಿಣತರವಾದ ಪ್ರಶ್ನೆ. ಅಣೆಕಟ್ಟೆಯ ಗೇಟುಗಳು ಮೂರು ರಾಜ್ಯಗಳ ಪ್ರತಿನಿಧಿಗಳಿರುವ ತುಂಗಭದ್ರಾ ಮಂಡಳಿಯ ವಶದಲ್ಲಿವೆ. ಗೊರೇಬಾಳದ ತೂಬಾದರೋ ಕರ್ನಾಟಕದ ನೀರಾವರಿ ನಿಗಮದ್ದು. ಸಮೀಪದ ಮಸ್ಕಿಯಲ್ಲಿ, 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡುಹಿಡಿದ ಅಶೋಕನ ಶಾಸನವನ್ನು ಅದು ಕೆತ್ತಲ್ಪಟ್ಟ ಬಂಡೆಯಲ್ಲಿಯೇ ಕಾಪಾಡಿಕೊಂಡು ಬಂದಿರುವುದು ನನಗೆ ಒಪ್ಪಿದ ಮಾದರಿ. ಹೊಸ ಗೇಟಿಗೆ ಜಾಗ ಬಿಡಬೇಕಾದ ಹಳೆಯ ಗೇಟು ತನ್ನ ಕಂಡಿಯಲ್ಲಿ ಉಳಿಯಲಾರದೆಂಬುದು ನಿಜ. ಆದರೂ ಅಣೆಕಟ್ಟೆ ಕಣ್ಣಿಗೆ ಬೀಳುವ ದಡದಲ್ಲಿ ಅದು ನಿಂತರೆ ನೋಡುವವನಿಗೆ ಅದರ ಕೆಲಸ ತಾನಾಗಿ ತಿಳಿಯುತ್ತದೆ. ಬೆಂಗಳೂರಿಗೆ ಸಾಗಿಸಿದರೆ ಅದು ಬರಿಯ ಉಕ್ಕು.

ಗ್ಯಾಂಗ್‌ಮನ್ನರ ಬಯಕೆ ಬೇರೆ: ಒಂದನ್ನು ಸಿಂಧನೂರಿನ ಕಾಲುವೆಯ ಬದಿಗೇ ತರಬೇಕಂತೆ. ನೀರಿನ ಬಾಧ್ಯಸ್ಥರು ಇಲ್ಲಿಯೇ ಇರುವರಾದ್ದರಿಂದ ಆ ಬೇಡಿಕೆಗೂ ನ್ಯಾಯವಿದೆ. ಅದೇನೇ ಇರಲಿ, ತೀರ್ಮಾನವು ಗ್ಯಾಸ್ ಕಟರಿಗಿಂತ ಮುಂಚೆ ಬರಬೇಕು. 60 ಅಡಿಯ ಗೇಟನ್ನು ಸಾಗಣೆಯ ಅನುಕೂಲಕ್ಕಾಗಿ ತುಂಡುತುಂಡಾಗಿ ಕೊಯ್ದ ಮೇಲೆ, ಯಾವ ಮಂಡಳಿಯ ಯಾವ ಠರಾವೂ ಅದನ್ನು ಮತ್ತೆ ಗೇಟಾಗಿ ಮಾಡಲಾರದು.