ದ್ವೇಷವೇ ಆಯುಧವಾಗಿದ್ದಾಗ

ಟೆನಿಸ್‌ನ ಮಹಾಪಂದ್ಯಾವಳಿಗಳಲ್ಲಿ ಗೆದ್ದವರಿಗೆ ಬಹುಮಾನದ ಹಣವಿಲ್ಲದಿದ್ದ ಕಾಲವದು. ಅಮೆರಿಕದ ಸ್ಯಾನ್ ಡಿಯಾಗೋದ ಬಾಲೆ ಮೊರೀನ್ ಕಾನಲಿಗೆ ಕುದುರೆ ಸವಾರಿಯ ಹಂಬಲ. ಅದರ ಶುಲ್ಕ ತೆರಲಾಗದ ಮನೆತನವಾದ್ದರಿಂದ ಕೈಗೆ ಬಂದದ್ದು ಟೆನಿಸ್ ರ‍್ಯಾಕೆಟ್. 1953ರಲ್ಲಿ ಆಸ್ಟ್ರೇಲಿಯಾ, ಫ್ರಾನ್ಸ್, ವಿಂಬಲ್ಡನ್, ಅಮೆರಿಕ ಈ ನಾಲ್ಕೂ ಪ್ರಶಸ್ತಿಗಳನ್ನು ಒಂದೇ ವರ್ಷದಲ್ಲಿ ಗೆದ್ದ ಪ್ರಥಮ ಮಹಿಳೆ ಆಕೆಯೇ.

ಎದುರಾಳಿಯ ಮೇಲಿನ ದ್ವೇಷ ಮತ್ತು ಸೋಲಿನ ಭಯವೇ ತಮ್ಮನ್ನು ಆಡಿಸುತ್ತಿದ್ದವೆಂದು ಅವರು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಶತ್ರುಪ್ರೇಮವನ್ನು ಬೋಧಿಸುವ ನಮ್ಮನ್ನು ಈ ಮಾತು ಇರಿಯುತ್ತದೆ. ದ್ವೇಷದಿಂದಲೂ ತೋಳಿಗೆ ಬಲ ಬರುತ್ತದೆಂಬುದನ್ನು ಅಲ್ಲಗಳೆಯಲಾರೆವು. ಆ ಬಲ ಎಳೆಯ ಮನಸ್ಸನ್ನು ಎಷ್ಟು ಬರಿದುಮಾಡಿತೆಂಬುದನ್ನು ಪ್ರಶಸ್ತಿಫಲಕ ಹೇಳುವುದಿಲ್ಲ.

1954ರ ಜುಲೈಯಲ್ಲಿ ಕುದುರೆಯ ಮೇಲಿದ್ದಾಗಲೇ ಲಾರಿಯೊಂದು ತಗುಲಿ ಬಲಗಾಲು ಮುರಿಯಿತು. ಹತ್ತೊಂಬತ್ತಕ್ಕೇ ಸ್ಪರ್ಧಾಜೀವನ ಮುಗಿಯಿತು. ಮುಂದೆ ಅವರು ಎಳೆಯರಿಗೆ ಟೆನಿಸ್ ಕಲಿಸಿದರು. 1968ರಲ್ಲಿ ಅವರಿಗಾಗಿಯೇ ಪ್ರತಿಷ್ಠಾನವೊಂದನ್ನು ಕಟ್ಟಿ, ಮರುವರ್ಷ, 34ರಲ್ಲಿ, ಕ್ಯಾನ್ಸರಿಗೆ ಬಲಿಯಾದರು.