ಮನೆ ಮೊದಲೋ, ರೈಲು ಮೊದಲೋ?

ವಾರಾಂತ್ಯದ ಪತ್ರಿಕೆಗಳಲ್ಲಿ ಬರುವ ನಿವೇಶನ, ಫ್ಲ್ಯಾಟುಗಳ ಜಾಹೀರಾತಿಗೆ ಅದರದೇ ಆದ ಭೂಗೋಳವಿದೆ. ಅಲ್ಲಿ ವಿಮಾನ ನಿಲ್ದಾಣ ಎಲ್ಲಿಂದ ಅಳೆದರೂ ಇಪ್ಪತ್ತೇ ನಿಮಿಷದ ದಾರಿ. ಮೆಟ್ರೊ ಸದಾ 'ಉದ್ದೇಶಿತ'. ಪಕ್ಕದ ಕೆರೆ ಸದಾ ನೀಲಿ. ಈ ಭೂಗೋಳವನ್ನು ನಂಬಿ, ಇಪ್ಪತ್ತು ವರ್ಷದ ಸಾಲ ಮಾಡಿ ಊರಾಚೆ ಮನೆ ಕೊಂಡ ಕುಟುಂಬಕ್ಕೆ ನಿಜವಾದ ಭೂಗೋಳದ ಪರಿಚಯವಾಗುವುದು ಗೃಹಪ್ರವೇಶ ಮುಗಿದ ನಂತರದ ಮೊದಲ ಸೋಮವಾರದ ಬೆಳಿಗ್ಗೆ.

ಯಾವ ಉಪನಗರ ವಾಸಕ್ಕೆ ಯೋಗ್ಯ ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಎರಡು ಅಳತೆಗೋಲು ಹಿಡಿದು ಉತ್ತರ ಹುಡುಕುತ್ತೇವೆ. ಒಂದು ಚದರಡಿಯ ಬೆಲೆ, ಇನ್ನೊಂದು ನಗರದ ಮಧ್ಯಭಾಗದಿಂದ ಇರುವ ದೂರ. ಆದರೆ ಬೇರೆ ಬೇರೆ ನಗರಗಳ ಉಪನಗರಗಳನ್ನು ಹೋಲಿಸಿ ನೋಡಿದರೆ ಈ ಎರಡಕ್ಕಿಂತಲೂ ಮುಖ್ಯವಾದ ಮೂರನೆಯ ಪ್ರಶ್ನೆಯೊಂದು ಎದುರಾಗುತ್ತದೆ: ಆ ಜಾಗಕ್ಕೆ ಮೊದಲು ಬಂದದ್ದು ಯಾವುದು? ಮನೆಯೋ, ಅಥವಾ ಮನೆಗೆ ಬೇಕಾದ ನೀರು, ದಾರಿ, ರೈಲುಗಳೋ?

ಮುಂಬೈಯಲ್ಲಿ ಮೊದಲು ಬಂದದ್ದು ರೈಲು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರದಿಂದ ಠಾಣೆಗೆ ಓಡಿತು. 1925ರಲ್ಲಿ ವಿದ್ಯುತ್ ರೈಲು ಬಂತು. ಉಪನಗರಗಳು ಬೆಳೆದದ್ದು ನಿಲ್ದಾಣಗಳ ಸುತ್ತ. ಇಂದಿಗೂ ಅಲ್ಲಿ ವಿಳಾಸ ಕೇಳುವವರು ಊರಿನ ಹೆಸರಿನ ಹಿಂದೆಯೇ 'ಪೂರ್ವವೋ, ಪಶ್ಚಿಮವೋ' ಎಂದು ಕೇಳುತ್ತಾರೆ. ಅಂದರೆ ಮನೆ ಹಳಿಯ ಯಾವ ಬದಿಗಿದೆ ಎಂದು. ಕರಾವಳಿಯಿಂದ ಹೊಟ್ಟೆಪಾಡಿಗೆಂದು ಹೋದ ಕನ್ನಡಿಗರು ಮೊದಲು ಮಾಟುಂಗದಂಥ ಕಡೆ ನೆಲೆನಿಂತು, ಬಾಡಿಗೆ ಏರಿದಂತೆ ಮುಲುಂಡ್, ಡೊಂಬಿವಲಿಗಳತ್ತ ಸರಿದದ್ದೂ ಈ ಹಳಿಯ ಗುಂಟವೇ. ಡೊಂಬಿವಲಿ ಕೋಟೆ ಪ್ರದೇಶದಿಂದ ಸುಮಾರು 50 ಕಿಲೋಮೀಟರ್ ದೂರ. ಆದರೂ ಅಲ್ಲಿನ ಗುಮಾಸ್ತ ತಾನು ಹತ್ತುವ ಗಾಡಿಯನ್ನು ನಿಮಿಷದ ಲೆಕ್ಕದಲ್ಲಿ ಹೆಸರಿಸುತ್ತಾನೆ. ಎಷ್ಟು ಹೊತ್ತಿಗೆ ಕಚೇರಿ ತಲುಪುತ್ತೇನೆಂದು ಬಹುತೇಕ ಖಚಿತವಾಗಿ ಹೇಳುತ್ತಾನೆ. ಅವನ ದೂರ ದೊಡ್ಡದು, ಅನಿಶ್ಚಿತತೆ ಸಣ್ಣದು.

ಈ ಅನುಕೂಲಕ್ಕೆ ಮುಂಬೈ ತೆರುತ್ತಿರುವ ಬೆಲೆಯನ್ನು ಮರೆಮಾಚಬೇಕಿಲ್ಲ. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ರೈಲುಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದು ಕನಿಷ್ಠ ನಾಲ್ವರು ಪ್ರಾಣ ಕಳೆದುಕೊಂಡರು. ಹಳಿ ದಾಟುವಾಗ, ಬಾಗಿಲಿನಿಂದ ಬಿದ್ದು ಆ ನಗರದಲ್ಲಿ ಪ್ರತಿವರ್ಷ ಸಾಯುವವರ ಸಂಖ್ಯೆ ಸಾವಿರಗಳಲ್ಲಿದೆ. ರೈಲು ಮೊದಲು ಬಂದರೆ ಸಾಲದು, ಜನ ಹೆಚ್ಚಿದಂತೆ ಅದೂ ಬೆಳೆಯಬೇಕು ಎಂಬುದು ಮುಂಬೈ ಕಲಿಸುವ ಎರಡನೆಯ ಪಾಠ.

ಚೆನ್ನೈಯ ಕಥೆಯೂ ಇದನ್ನೇ ಹೇಳುತ್ತದೆ. ಬೀಚ್ ನಿಲ್ದಾಣದಿಂದ ತಾಂಬರಂವರೆಗೆ ವಿದ್ಯುತ್ ರೈಲು ಆರಂಭವಾದದ್ದು 1931ರಲ್ಲಿ. ಆ ಮಾರ್ಗದ ಪಲ್ಲಾವರಂ, ಕ್ರೋಮ್‌ಪೇಟೆಗಳಲ್ಲಿ ಮಧ್ಯಮ ವರ್ಗದವರು ಮನೆ ಮಾಡುವ ಹೊತ್ತಿಗೆ ನಗರಕ್ಕೆ ಹೋಗಿಬರುವ ದಾರಿ ಸಿದ್ಧವಾಗಿತ್ತು. ಅದೇ ಚೆನ್ನೈ 2023ರ ಡಿಸೆಂಬರ್‌ನಲ್ಲಿ ತಾಂಬರಂ ಆಚೆಯ ಕಿಳಂಬಾಕ್ಕಂನಲ್ಲಿ ಭಾರಿ ಬಸ್ ನಿಲ್ದಾಣ ತೆರೆದಾಗ ಪಕ್ಕದ ರೈಲು ನಿಲ್ದಾಣ ಸಿದ್ಧವಾಗಿರಲಿಲ್ಲ. ದಕ್ಷಿಣದ ಜಿಲ್ಲೆಗಳಿಂದ ನಸುಕಿನಲ್ಲಿ ಬಂದಿಳಿದವರು ಊರೊಳಗೆ ಹೋಗಲು ಪರದಾಡಿದರು. ತೊಂಬತ್ತು ವರ್ಷ ಹಿಂದೆ ಪಾಲಿಸಿದ ಕ್ರಮವನ್ನು ಅದೇ ನಗರ ತಾನೇ ಮರೆತಿತ್ತು.

ಬೆಂಗಳೂರಿಗೆ ಮುಂಬೈಯಂಥ ರೈಲು ಸಿಗಲಿಲ್ಲ. ಆದರೆ ಇಲ್ಲಿಯೂ ಕ್ರಮ ತಿಳಿದ ಕಾಲವೊಂದಿತ್ತು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಓಣಿಗಳನ್ನು ನಡುಗಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲವಾದ ಅಡ್ಡರಸ್ತೆಗಳು, ಮನೆಗಳ ಹಿಂಬದಿಯಲ್ಲಿ ನೈರ್ಮಲ್ಯದ ಓಣಿಗಳು, ನಡೆದು ಹೋಗುವಷ್ಟು ಹತ್ತಿರದಲ್ಲಿ ಮಾರುಕಟ್ಟೆ, ಶಾಲೆ, ದೇವಸ್ಥಾನ. 1948ರಲ್ಲಿ ಅಡಿಗಲ್ಲು ಕಂಡ ಜಯನಗರವೂ ಬ್ಲಾಕು, ಉದ್ಯಾನ, ವಾಣಿಜ್ಯ ಸಂಕೀರ್ಣಗಳ ನಕ್ಷೆಯೊಂದಿಗೇ ಹುಟ್ಟಿತು. ಈ ಬಡಾವಣೆಗಳು ಸರ್ವರಿಗೂ ತೆರೆದ ಸ್ವರ್ಗವಾಗಿದ್ದವೆಂದಲ್ಲ. ಜಾತಿಯ ಗೆರೆಗಳು ಅಲ್ಲಿಯೂ ಇದ್ದವು. ಇಂದು ಅಲ್ಲಿ ನಿವೇಶನ ಕೊಳ್ಳುವುದು ಸಂಬಳದಾರರ ಕನಸಿಗೂ ನಿಲುಕದು. ಆದರೆ ಅಲ್ಲಿನ ವೃದ್ಧರೊಬ್ಬರು ಇಂದಿಗೂ ಯಾರ ಹಂಗೂ ಇಲ್ಲದೆ ನಡೆದು ಹೋಗಿ ತರಕಾರಿ ತಂದು, ಔಷಧಿ ಕೊಂಡು, ಉದ್ಯಾನದ ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ ಕುಳಿತು ಬರಬಲ್ಲರು.

ಇದರ ಪಕ್ಕದಲ್ಲಿ ವೈಟ್‌ಫೀಲ್ಡನ್ನು ಇಟ್ಟು ನೋಡಬೇಕು. 1864ರಲ್ಲಿ ಬೆಂಗಳೂರು ದಂಡು ಪ್ರದೇಶದಿಂದ ಜೋಲಾರಪೇಟೆಗೆ ಹಾಕಿದ ರೈಲುಮಾರ್ಗ ಆ ನೆಲದ ಮೇಲೆಯೇ ಹಾದುಹೋಯಿತು. ಆಂಗ್ಲೋ ಇಂಡಿಯನ್ನರ ವಸಾಹತಾಗಿ ವೈಟ್‌ಫೀಲ್ಡ್ ಸ್ಥಾಪನೆಯಾದದ್ದು 1882ರಲ್ಲಿ. ಅಂದರೆ ಊರಿಗಿಂತ ಮೊದಲೇ ಹಳಿ ಬಂದಿತ್ತು! ಆದರೆ ಆ ಹಳಿಯ ಮೇಲೆ ಐದು ಹತ್ತು ನಿಮಿಷಕ್ಕೊಂದು ಲೋಕಲ್ ರೈಲು ಓಡಿಸುವ ವ್ಯವಸ್ಥೆ ಇಂದಿಗೂ ಆಗಲಿಲ್ಲ. 1990ರ ದಶಕದಲ್ಲಿ ತಂತ್ರಜ್ಞಾನ ಪಾರ್ಕು ಬಂತು, ಅದರ ಹಿಂದೆ ವಸತಿ ಸಮುಚ್ಚಯಗಳು ಬಂದವು. ಮೆಟ್ರೊ ನಗರದ ಮಧ್ಯಭಾಗದಿಂದ ಅಲ್ಲಿಗೆ ಎಡೆಬಿಡದೆ ಓಡಲಾರಂಭಿಸಿದ್ದು 2023ರ ಅಕ್ಟೋಬರ್‌ನಲ್ಲಿ. ಈ ನಡುವಿನ ಕಾಲು ಶತಮಾನವನ್ನು ಒಂದು ಇಡೀ ಪೀಳಿಗೆ ರಸ್ತೆಯ ಮೇಲೆ, ಕಾರಿನ ಬ್ರೇಕಿನ ಮೇಲೆ ಕಾಲಿಟ್ಟು ಕಳೆಯಿತು. ಡೊಂಬಿವಲಿಯ ಅರ್ಧದಷ್ಟೂ ಇಲ್ಲದ ದೂರವನ್ನು ಕ್ರಮಿಸಲು ಎಷ್ಟು ಹೊತ್ತು ಬೇಕೆಂದು ಅವರಲ್ಲಿ ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ.

ನೀರಿನ ಕಥೆಯೂ ಭಿನ್ನವಲ್ಲ. ಸುತ್ತಲಿನ 110 ಹಳ್ಳಿಗಳು ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ್ದು 2007ರಲ್ಲಿ. ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ತೆರಿಗೆಯ ಚೀಟಿ ತಲುಪಿದ ಹದಿನೇಳು ವರ್ಷಗಳ ನಂತರ ನದಿಯ ನೀರು ತಲುಪುವ ದಾರಿ ತೆರೆಯಿತು. ಆ ವರ್ಷದ ಬೇಸಿಗೆಯಲ್ಲಿಯೇ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿನ ದರವನ್ನು ಸರ್ಕಾರ ನಿಗದಿ ಮಾಡಬೇಕಾಗಿ ಬಂದಿತ್ತು. ಅದಕ್ಕೂ ಮೊದಲು, 2022ರ ಸೆಪ್ಟೆಂಬರ್‌ನಲ್ಲಿ, ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಆಸುಪಾಸಿನ ಐಷಾರಾಮಿ ಬಡಾವಣೆಗಳಲ್ಲಿ ನೆರೆ ನುಗ್ಗಿ, ಕೋಟಿಗಟ್ಟಲೆ ಬೆಲೆಯ ಮನೆಗಳವರನ್ನು ಟ್ರ್ಯಾಕ್ಟರುಗಳು ಹೊತ್ತು ತಂದವು. ಕೆರೆಯಿಂದ ಕೆರೆಗೆ ನೀರು ಹರಿಯುವ ರಾಜಕಾಲುವೆಗಳನ್ನು ಮುಚ್ಚಿ ಮನೆ ಕಟ್ಟಿದರೆ, ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬರುತ್ತದೆ.

ಹಾಗೆಂದು ಊರಾಚೆ ಮನೆ ಮಾಡುವವರನ್ನು ಅವಿವೇಕಿಗಳೆಂದು ಹಳಿಯುವುದು ಅನ್ಯಾಯ. ಕೈಗೆಟಕುವ ಬೆಲೆ, ಕೆಲಸದ ಜಾಗದ ಸಾಮೀಪ್ಯ, ಸ್ವಲ್ಪ ಗಾಳಿ ಬೆಳಕು, ಮಕ್ಕಳಿಗೆ ಆಡಲು ಜಾಗ — ಇವು ನ್ಯಾಯವಾದ ಆಸೆಗಳು. ದೋಷವಿರುವುದು ಆಸೆಯಲ್ಲಲ್ಲ, ಕ್ರಮದಲ್ಲಿ. ಕ್ರಮ ತಪ್ಪಿದಾಗ ಅದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಕಾರಿರುವವರಿಗೆ ಅದು ಕಿರಿಕಿರಿ. ಕಾರು ಓಡಿಸಲಾಗದ ತಾಯ್ತಂದೆಯರಿಗೆ ಅದು ಗೃಹಬಂಧನ. ಮನೆಗೆಲಸಕ್ಕೆ ಬರುವ ಹೆಂಗಸಿಗೆ ಕತ್ತಲಲ್ಲಿ ಬಸ್ಸಿಲ್ಲದ ರಸ್ತೆ.

ಬೆಂಗಳೂರಿನಿಂದ ಆಚೆ, ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ನವನಗರದ ಉದಾಹರಣೆಯೂ ಗಮನಾರ್ಹ. 2018ರಲ್ಲಿ ಆ ದಾರಿಯಲ್ಲಿ ಪ್ರತ್ಯೇಕ ಪಥದ 'ಚಿಗರಿ' ಬಸ್ಸುಗಳು ಓಡಲಾರಂಭಿಸಿದವು. ಆ ಯೋಜನೆಯ ಬಗ್ಗೆ ದೂರುಗಳಿಲ್ಲವೆಂದಲ್ಲ. ಆದರೆ ಭಾರಿ ಮೆಟ್ರೊ ಇಲ್ಲದೆಯೂ, ಬಸ್ಸಿಗೆ ತನ್ನದೇ ದಾರಿ ಕೊಟ್ಟರೆ ಎರಡೂ ಊರುಗಳು ಹತ್ತಿರವಾಗುತ್ತವೆ ಎಂಬುದನ್ನು ಅದು ತೋರಿಸಿತು.

ಬೆಂಗಳೂರಿನಲ್ಲಿ ಭರವಸೆಗಳಿಗೆ ಕೊರತೆಯಿಲ್ಲ. ನಾಲ್ಕು ಮಾರ್ಗಗಳ, ಸುಮಾರು 148 ಕಿಲೋಮೀಟರ್ ಉದ್ದದ ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳ ಮಾತು ಕೇಳಿಬಂತು. ಆ ಗಡುವು 2025ರ ಅಕ್ಟೋಬರ್‌ಗೆ ಮುಗಿಯಿತು. ಆ ಹೊತ್ತಿಗೆ ಒಂದು ಮಾರ್ಗವೂ ಸಂಚಾರಕ್ಕೆ ತೆರೆದಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಹಳದಿ ಮೆಟ್ರೊ ತೆರೆದಾಗಲೂ ಗಾಡಿಗಳ ಕೊರತೆಯಿಂದ ಆರಂಭದಲ್ಲಿ 25 ನಿಮಿಷಕ್ಕೊಂದು ರೈಲು ಓಡಿತು. ಹಳಿ ಹಾಕುವುದು ಅರ್ಧ ಕೆಲಸ ಮಾತ್ರ.

ಈಗ ಬಿಡದಿಯ ಬಳಿ ಹೊಸದೊಂದು ಸಮಗ್ರ ಉಪನಗರದ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಭೂಮಿ ಕಳೆದುಕೊಳ್ಳುವ ರೈತರು ಪ್ರತಿಭಟಿಸಿದ್ದಾರೆ. ಕೃಷಿಭೂಮಿಯನ್ನು ಕೊಡಬೇಕೇ ಎಂಬುದು ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ. ಅಲ್ಲಿಯಾಗಲಿ, ಬೇರೆಲ್ಲಿಯಾಗಲಿ ಹೊಸ ಊರು ಕಟ್ಟುವುದೇ ಆದರೆ, ನೀರಿನ ಕೊಳವೆ, ಒಳಚರಂಡಿ, ಸಾರ್ವಜನಿಕ ಸಾರಿಗೆ ಸಿದ್ಧವಾದ ಮೇಲೆಯೇ ವಾಸಯೋಗ್ಯ ಪತ್ರ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಕೊಳ್ಳುವವರೂ ಮಾದರಿ ಮನೆಯ ಅಮೃತಶಿಲೆಯನ್ನು ಮುಟ್ಟಿ ನೋಡುವ ಮೊದಲು ಒಂದು ವಾರದ ದಿನ ಬೆಳಿಗ್ಗೆ ಎಂಟಕ್ಕೆ ಅಲ್ಲಿಂದ ಬಸ್ಸು ಹತ್ತಿ ನೋಡುವುದು ಒಳ್ಳೆಯದು. ಬಸ್ಸೇ ಬಾರದಿದ್ದರೆ, ಉತ್ತರ ಸಿಕ್ಕಿದಂತೆಯೇ.